ಅವರು ಬಿಟ್ಟ ಅಕ್ಕಿ

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಕುಂದಾಪುರದ ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ನಕ್ಕರು. ಹೌದು, ನಕ್ಕರು. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯ ಮುಖ ನೋಡುತ್ತಿದ್ದರು, ಇನ್ನು ಮುಂದೇನು ಎಂದು ಕೇಳುತ್ತಿದ್ದರು. ಇವರು ಅಂಗಿಯ ಕಾಲರು ಸರಿಮಾಡಿಕೊಂಡು ಡಾಕ್ಟರ ಕಡೆಗೆ ಬಗ್ಗಿದರು.

“ನಾನ್ ಹೇಳ್ತಾನೇ ಇದ್ದೆ ಡಾಕ್ಟ್ರೇ, ಇವ್ಳಿಗೆ ಬಾಯಿ ಕಟ್ಟುಕ್ ಗೊತ್ತಿಲ್ಲೆ. ನನ್ ಕಾಣಿ, ಎರಡ್ ವರ್ಷ ಆಯ್ತ್, ಅನ್ನ ಮುಟ್ಲಿಲ್ಲೆ. ಮನ್ಸ್ ಗಟ್ಟಿ ಬೇಕ್.”

ಡಾಕ್ಟರೂ ತಲೆದೂಗಿದರು. “ಮನೆಯಲ್ಲೇ ಗುರುಗಳಿದ್ದಾರಲ್ಲ ಸುಗುಣಮ್ಮ! ಅವರು ಏನು ತಿನ್ನುತ್ತಾರೋ ನೀವೂ ಅದನ್ನೇ ತಿನ್ನಿ. ಕಣ್ಣಿನ ನರಕ್ಕೆ ಆಗಲೇ ಸ್ವಲ್ಪ ಪೆಟ್ಟಾಗಿದೆ. ಇನ್ನೂ ಹೀಗೇ ಅನ್ನ ಉಂಡರೆ ಇರುವ ದೃಷ್ಟಿಯೂ ಉಳಿಯುವುದಿಲ್ಲ, ಹೇಳಿದ್ದೇನೆ.”

ಗುರುಗಳಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ ಎಂದು ನಾನು ಆಸ್ಪತ್ರೆಗೆ ಹೋದದ್ದು. ಊರ ಹೆಂಗಸರ ರವಿಕೆ ಹೊಲಿದು ನಾಲ್ಕು ಜನರ ಮುಂದೆ ತಲೆಯೆತ್ತಿ ಬದುಕಿದವಳು ನಾನು. ಆ ಕಣ್ಣು ಹೋಗುತ್ತದೆ ಎಂದು ಒಬ್ಬರು ಹೇಳುತ್ತಿದ್ದಾರೆ, ಇನ್ನೊಬ್ಬರು ತಮ್ಮ ಮನಸ್ಸು ಎಷ್ಟು ಗಟ್ಟಿ ಎಂದು ವರದಿ ಒಪ್ಪಿಸುತ್ತಿದ್ದಾರೆ.

ಹೆಮ್ಮಾಡಿಗೆ ವಾಪಸು ಬರುವ ಬಸ್ಸಿನಲ್ಲೂ ಇವರು ಸುಮ್ಮನಿರಲಿಲ್ಲ. ನಮ್ಮ ನೆರೆಮನೆಯ ಚಂದಯ್ಯ ಹಿಂದಿನ ಸೀಟಿನಲ್ಲಿ ಸಿಕ್ಕಿದ್ದೇ ತಡ, “ಹ್ವಾಯ್ ಚಂದಯ್ಯ, ಇವ್ಳಿಗೂ ಬಂತ್ ಕಾಣಿ ಶುಗರ್. ಹೇಳ್ರೆ ಕೇಣುದಿಲ್ಲೆ” ಎಂದು ಶುರುಮಾಡಿದರು. ಬಸ್ಸಿನವರೆಲ್ಲ ತಿರುಗಿ ನನ್ನನ್ನು ನೋಡಿದರು, ನಾನೇನೋ ಬೆಲ್ಲದ ಡಬ್ಬಿ ಕದ್ದು ಸಿಕ್ಕಿಬಿದ್ದವಳ ಹಾಗೆ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಇವರ ಗಟ್ಟಿ ಮನಸ್ಸಿನ ಕಥೆ ಕೇಳಿ.

ನನ್ನ ಗಂಡ ರವಿಚಂದ್ರ, ಪೇಟೆಯಲ್ಲಿ ಪೈಪು ನಲ್ಲಿಗಳ ಅಂಗಡಿ. ಎರಡು ವರ್ಷದ ಹಿಂದೆ ಇವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಬಿಡಿ ಎಂದರು. ಇವರು ಬಿಟ್ಟರು. ಆದರೆ ನಮ್ಮ ಕಡೆ ಅನ್ನ ಎಂದರೆ ಕುಚ್ಚಲಕ್ಕಿ ಬೇಯಿಸಿ ಬಟ್ಟಲಿಗೆ ಹಾಕಿದ್ದು ಮಾತ್ರ. ಉಳಿದದ್ದೆಲ್ಲ ತಿಂಡಿ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಒತ್ತುಶಾವಿಗೆ, ರಾತ್ರಿ ಕಡುಬು. “ಅನ್ನ ಮುಟ್ಲಿಲ್ಲೆ ಕಾಣ್” ಎಂದು ಎದೆ ಉಬ್ಬಿಸಿಕೊಂಡು ತಿರುಗಿದರು. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇನ್ನೂ ಮೇಲೆ ಹತ್ತಿ ಕೂತಿತ್ತು. ಲ್ಯಾಬಿನವರಿಗೆ ತಲೆ ಸಮ ಇಲ್ಲ ಎಂದು ಅವರ ಮೇಲೆ ಹಾರಾಡಿದರು. ದೋಸೆ ಅಕ್ಕಿಯದ್ದು, ಶಾವಿಗೆ ಅಕ್ಕಿಯದ್ದು, ಕಡುಬು ಅಕ್ಕಿಯದ್ದು, ಹಸಿವಾಯಿತು ಎಂದು ಮಧ್ಯೆ ಮಧ್ಯೆ ಕುಡಿದ ಗಂಜಿ ತಿಳಿಯೂ ಅಕ್ಕಿಯದ್ದೇ ಎಂದು ನಾನು ಬಿಡಿಸಿ ಹೇಳಿದ ಮೇಲೆ ಹಣೆ ಚಚ್ಚಿಕೊಂಡರು.

“ಹಾಂಗಾರೆ ಮನ್ಶ ತಿಂಬುದೆಂತ ಮಾರಾಯ್ತಿ?”

ಮನುಷ್ಯ ಎಂತ ತಿನ್ನಬೇಕು ಎಂದು ಹುಡುಕಿದವಳು ನಾನು. ನವಣೆಯನ್ನು ಮೊದಲ ಸಲ ಬೇಯಿಸಿದಾಗ ಅಂಟಿನ ಹಾಗಾಯಿತು. ನೆನೆಸಿ, ನೀರು ಬಸಿದು, ಹಬೆಯಲ್ಲಿ ಇಟ್ಟರೆ ಉದುರಾಗುತ್ತದೆ ಎಂದು ಕೆಡಿಸಿ ಕೆಡಿಸಿ ಕಲಿತೆ. ಹೆಸರುಕಾಳು ನೆನೆಸಿ ಶುಂಠಿ ಹಾಕಿ ಅರೆದು ದೋಸೆ ಹೊಯ್ದೆ. ರಾಗಿ ಹಿಟ್ಟಿಗೆ ಈರುಳ್ಳಿ, ನುಗ್ಗೆಸೊಪ್ಪು ಹಾಕಿ ರೊಟ್ಟಿ ತಟ್ಟಿದೆ. ಬಂಗುಡೆ ಮೀನಿನ ಸಾರಿಗೆ ನವಣೆ ಬಡಿಸಿದ ದಿನ ಇವರು ಬಟ್ಟಲು ದೂಡಿ, “ಇದ್ ಹಕ್ಕಿ ತಿಂಬುದಲ್ದಾ?” ಎಂದರು. ಸಾರಿಗೆ ಹುಳಿ ಕಡಿಮೆ ಮಾಡಿ, ಕಾಯಿ ನುಣ್ಣಗೆ ಅರೆದು ದಪ್ಪ ಮಾಡಿದರೆ ನವಣೆಗೆ ಹಿಡಿಯುತ್ತದೆ ಎಂದು ಕಂಡುಕೊಂಡೆ. ಆಮೇಲೆ ಬಟ್ಟಲು ನೆಕ್ಕಿದರು. ಸಕ್ಕರೆ ಇಳಿಯಿತು, ಹೊಟ್ಟೆ ಇಳಿಯಿತು, ಕುಂಭಾಶಿಗೆ ಹೋಗಿ ಗಣಪತಿಗೆ ಕಾಯಿ ಒಡೆಸಿ ಬಂದರು. ಮದುವೆ ಮನೆಗಳಲ್ಲಿ ಉಪದೇಶವೂ ಶುರುವಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೈ ನನ್ನದು, ಬಾಯಿ ಅವರದ್ದು.

ಹೋಗಲಿ, ಉಪದೇಶ ಮಾಡಿಕೊಳ್ಳಲಿ. ನನ್ನ ಸಿಟ್ಟು ಅದಕ್ಕಲ್ಲ. ಅನ್ನದ ಪಾತ್ರೆಗೆ.

ನಾನು ಬ್ರಹ್ಮಾವರದಿಂದ ಈ ಮನೆಗೆ ಮದುವೆಯಾಗಿ ಬಂದ ಮರುದಿನವೇ ಅತ್ತೆ ಜಲಜಮ್ಮ ನನ್ನನ್ನು ಅಕ್ಕಿ ತುಂಬಿಡುವ ಮರದ ಕಲಬಿಯ ಹತ್ತಿರ ಕರೆದುಕೊಂಡು ಹೋಗಿ ಹಿತ್ತಾಳೆಯ ಪಾವು ಕೈಗೆ ಕೊಟ್ಟಿದ್ದರು. ಅಳೆದು ತೋರಿಸಿದ್ದರು. “ಇದ್ ಮಾವಂಗೆ, ಇದ್ ಗಂಡಂಗೆ, ಇದ್ ನಂಗೆ. ಕಡೆಗೊಂದ್ ಹಿಡಿ, ದಾರಿ ಮೇಲ್ ಬಂದವ್ರಿಗೆ. ಈ ಅಳತಿ ಹತ್ತುಕಕ್ಕ್, ಇಳಿಯುಕಾಗ. ಆಳ್ ಸತ್ತ್ರೆ ಮಾತ್ರ ಇಳ್ಸುದ್.” ಮಗಳು ಸ್ವಾತಿ ಹುಟ್ಟಿ ಉಣ್ಣತೊಡಗಿದಾಗ ಒಂದು ಪಾವು ಹತ್ತಿತು. ಮಾವ ತೀರಿಹೋದಾಗ ಒಂದು ಪಾವು ಇಳಿಯಿತು. ಸ್ವಾತಿಯನ್ನು ಬೈಂದೂರಿಗೆ ಮದುವೆ ಮಾಡಿಕೊಟ್ಟ ಮೇಲೆ ಅವಳ ಪಾವು ಇಳಿಸಹೋದರೆ ಅತ್ತೆ, “ಹೆಣ್ಣ್ ಬಂದ್ರೆ?” ಎಂದರು. ಅವಳು ಬರುವುದು ಹಬ್ಬಕ್ಕೆ. ಅನ್ನ ಬೇಯುವುದು ದಿನಾ.

ಇವರು ಅನ್ನ ಬಿಟ್ಟ ದಿನ ನಾನು ಇವರ ಪಾವಿನ ಅಕ್ಕಿಯನ್ನು ಕಲಬಿಗೆ ವಾಪಸು ಹಾಕುತ್ತಿದ್ದೆ. ಅತ್ತೆ ಓಡಿಬಂದು ಕೈ ಹಿಡಿದರು.

“ನನ್ ಮಗ ಬದ್ಕಿದ್ದ, ಹೆಣೆ! ಅವ್ನ್ ಪಾವ್ ಇಳ್ಸುಕಾಗ. ಅವ ಉಣ್ಣದಿದ್ರ್ ಅಡ್ಡಿಲ್ಲೆ, ಅವ್ನ್ ಹೆಸ್ರಂಗೆ ಒಲಿ ಮೇಲ್ ಬೇಯ್ಲಿ.”

ಗಂಡನ ಆಯುಷ್ಯದ ಮಾತು ಬಂದ ಮೇಲೆ ಯಾವ ಹೆಂಡತಿ ವಾದ ಮಾಡುತ್ತಾಳೆ? ಬೇಯಿಸಿದೆ. ದಿನಾ ಬೇಯಿಸಿದೆ. ಬೆಂದ ಅನ್ನವನ್ನು ಚೆಲ್ಲಬಾರದು. ಮುಸುರೆ ಎಂದು ಫ್ರಿಜ್ಜಿನಲ್ಲಿ ಹಾಲಿನ ಜೊತೆ ಇಡಬಾರದು. ಕೊಟ್ಟಿಗೆ ಖಾಲಿಯಾಗಿ ಎಷ್ಟೋ ಕಾಲವಾಯಿತು, ದನವೂ ಇಲ್ಲ. ಹಾಗಾದರೆ ಎಲ್ಲಿಗೆ ಹೋಗಬೇಕು ಅದು? ನನ್ನ ಹೊಟ್ಟೆಗೆ ಹೋಯಿತು. ಮಧ್ಯಾಹ್ನ ಎಲ್ಲರದ್ದೂ ಮುಗಿದ ಮೇಲೆ ನಾನು ಉಂಡೆ, ರಾತ್ರಿ ಉಳಿದದ್ದು ಉಂಡೆ, ಬೆಳಿಗ್ಗೆ ಅದಕ್ಕೇ ನೀರು ಹೊಯ್ದು ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಂಡೆ. ಒಮ್ಮೆ ಆಸೆಯಾಗಿ ಒಂದು ಸೌಟು ನವಣೆ ಹಾಕಿಕೊಂಡೆ. “ಅದ್ ಅವ್ನ್ ಮದ್ದ್ ಅಲ್ದಾ, ನಿಂಗೆಂತಕ್?” ಎಂದರು ಅತ್ತೆ. ಸೌಟು ವಾಪಸು ಪಾತ್ರೆಗೆ ಹೋಯಿತು. ಹೀಗೆ ಇವರ ಸಕ್ಕರೆ ಇಳಿಯಿತು, ನನ್ನದು ಏರಿತು. ಮತ್ತೆ ಬಾಯಿ ಕಟ್ಟಲು ಗೊತ್ತಿಲ್ಲದವಳು ನಾನು!

ಆಸ್ಪತ್ರೆಯಿಂದ ಬಂದು ಜಗುಲಿ ಹತ್ತಿದಾಗ ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. “ಎಂತ ಹೇಳ್ರ್ ಡಾಕ್ಟ್ರ್?”

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು. “ಎಂತ ಹೇಳುದ್ ಅಮ್ಮ, ಇವ್ಳಿಗೂ ಶುಗರ್. ಅನ್ನ ಕಡ್ಮಿ ಮಾಡ್ದಿದ್ರೆ ಕಣ್ಣ್ ಹೋತಂಬ್ರ್.”

“ಅಯ್ಯೋ ದೇವ್ರೇ,” ಎಂದರು ಅತ್ತೆ. ಎಲೆ ಮಡಚಿ ಬಾಯಿಗಿಟ್ಟುಕೊಂಡು, “ಹೌದ್ ಮತ್ತೆ. ಉಂಬುದ್ ಕಾಣ್ತಾ ಇದ್ದೆ ನಾನ್. ಈಗೀಗ ಜಾಸ್ತಿಯೇ ಆಯ್ತ್” ಎಂದು ಸೇರಿಸಿದರು.

ನಾನು ಒಳಗೆ ಹೋಗಿ ಕೈಕಾಲು ತೊಳೆದು ಬಟ್ಟಲು ಹಾಕಿದೆ. ಬೆಳಿಗ್ಗೆ ಹೊರಡುವ ಮೊದಲೇ ಅಡುಗೆ ಮಾಡಿಟ್ಟಿದ್ದೆ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಹುರಿದ ಮೀನು, ಇವರ ನವಣೆ. ಇಬ್ಬರೂ ಬಂದು ಕೂತರು. ಅತ್ತೆಗೆ ಅವರು ಉಣ್ಣುವಷ್ಟು ಬಡಿಸಿದೆ. ಆಮೇಲೆ ಎಂದೂ ಮಾಡದ ಕೆಲಸ ಮಾಡಿದೆ. ಮೂರನೆಯ ಬಟ್ಟಲು ತಂದು ಅವರ ಸಮಕ್ಕೆ ನಾನೂ ಕೂತೆ. ನವಣೆಯ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ನನ್ನ ಬಟ್ಟಲಿಗೆ ಬಡಿಸಿಕೊಂಡೆ. ಅನ್ನದ ಪಾತ್ರೆಯನ್ನು ಎತ್ತಿ ಉಳಿದ ಅನ್ನವನ್ನೆಲ್ಲ ಇವರ ಬಟ್ಟಲಿಗೆ ಸುರಿದೆ. ಬಟ್ಟಲು ತುಂಬಿ ನೆಲಕ್ಕೂ ಚೆಲ್ಲಿತು.

“ಏ, ಮರ್ಲಾ ನಿಂಗೆ?” ಇವರು ಹಿಂದಕ್ಕೆ ಜರುಗಿದರು. “ಇದೆಂತ ಇದ್?”

“ನಿಮ್ ಪಾಲ್.”

“ನಂಗೆ ಶುಗರ್ ಇತ್ತಲೆ!”

“ನಂಗೂ ಇತ್ತ್. ಡಾಕ್ಟ್ರ್ ಹೇಳಿದ್ ನಿಮ್ ಎದ್ರಿಗೇ. ನಗಾಡಿದ್ರಿ ಅಲ್ದಾ ನೀವ್?”

“ಉಳ್ದದ್ ತೆಗ್ದ್ ಚೆಲ್ಲ್ ಮತ್ತೆ. ಅದ್ಕೆ ನನ್ ಮೇಲೆ ಎಂತಕ್ ಹಾರುದ್?”

“ಚೆಲ್ಲುಕಾಗ!” ಎಂದರು ಅತ್ತೆ ತಕ್ಷಣ. “ಅನ್ನ ಅದ್. ಚೆಲ್ಲುಕಾಗ.”

“ಕೇಂಡ್ರ್ಯಾ?” ಎಂದೆ ನಾನು. “ಚೆಲ್ಲುಕಾಗ. ಅಳತಿ ಇಳ್ಸುಕಾಗ. ಫ್ರಿಜ್ಜಂಗೆ ಇಡುಕಾಗ. ಇನ್ ಯಾರ್ ಉಂಬುದ್ ಇದ್? ಹೇಳಿ, ಯಾರ್ ಉಂಬುದ್?”

ಇವರು ಅನ್ನದ ರಾಶಿಯನ್ನು ನೋಡಿದರು, ತಾಯಿಯ ಮುಖ ನೋಡಿದರು, ಆಮೇಲೆ ನನ್ನನ್ನು. “ದಿನಾ ಇಷ್ಟ್ ಉಳೀತಿತ್ತಾ?” ಎಂದು ಕೇಳಿದರು. ದನಿ ಸಣ್ಣದಾಗಿತ್ತು. “ನಂಗೆ ಗೊತ್ತೇ ಇರ್ಲಿಲ್ಲೆ.”

ಅಷ್ಟು ಹೊತ್ತು ತಡೆದುಕೊಂಡಿದ್ದೆ. ಗೊತ್ತಿರಲಿಲ್ಲ ಎಂದರಲ್ಲ, ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

“ಗೊತ್ತಿಲ್ಲೆ! ಎರಡ್ ವರ್ಷ ಅನ್ನ ಬಿಟ್ಟೆ, ಅನ್ನ ಬಿಟ್ಟೆ ಅಂದ್ ಊರಿಡೀ ಡಂಗುರ ಹೊಡ್ದ್ರಿ. ಬಿಟ್ಟ ಅನ್ನ ಎಲ್ಲಿಗ್ ಹೋಯ್ತ್ ಅಂದ್ ಒಂದ್ ದಿನ ಕೇಂಡ್ರ್ಯಾ? ಒಂದೇ ಒಂದ್ ದಿನ? ನಿಮ್ ಅನ್ನ ನಾನ್ ಉಂಡಿದೆ. ನಿಮ್ ಮಗ್ಳ್ ಅನ್ನ ನಾನ್ ಉಂಡಿದೆ. ದಾರಿ ಮೇಲ್ ಬಪ್ಪುವ್ರ್ ಅನ್ನವೂ ನಾನೇ ಉಂಡಿದೆ. ಬಾಯಿ ಕಟ್ಟುಕ್ ಗೊತ್ತಿಲ್ಲೆ ಅಂಬ್ರ್ ನಂಗೆ!”

ಅತ್ತೆ ಕಣ್ಣು ಕೆಳಗೆ ಹಾಕಿ ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದರು. “ನಾವೂ ಉಂಡದ್ದೇ, ಹೆಣೆ,” ಎಂದರು. “ಉಳ್ದದ್ ಹೆಂಗ್ಸ್ರೇ ಉಂಬುದ್. ನಾವ್ ಸತ್ತ್ವಾ?”

“ನೀವ್ ಉಂಡ್ ಗದ್ದಿಗ್ ಇಳೀತಿದ್ರಿ ಅತ್ತೆ. ಬೆಳಿಗ್ಗಿಂದ ಬೈಸಾರಿವರೆಗೂ ನೇಜಿ ನೆಡ್ತಿದ್ರಿ. ಆ ಗದ್ದಿ ಮಾರಿ ಅಂಗಡಿ ಹಾಕಿ ಆಯ್ತ್. ನಾನ್ ಉಂಡ್ ಹೊಲಿಗಿ ಮಿಷಿನ್ ಮುಂದ್ ಕೂಕಂತೆ. ಈಗ ಅದ್ಕೂ ಕಣ್ಣಿಲ್ಲೆ.”

ನಾನು ನವಣೆಗೆ ಹುಳಿ ಕಲಸಿಕೊಂಡು ಹೊಟ್ಟೆ ತುಂಬ ಉಂಡೆ. ಇವರು ಮೀನನ್ನಷ್ಟೇ ಮುರಿದು ತಿಂದು ಎದ್ದರು. ಅನ್ನ ಬಟ್ಟಲಿನಲ್ಲೇ ಉಳಿಯಿತು. ಮುಚ್ಚಿಡಲು ನಾನು ಹೋಗಲಿಲ್ಲ, ಮುಟ್ಟಲೂ ಇಲ್ಲ.

ಸಂಜೆ ಅಂಗಳ ಗುಡಿಸುವಾಗ ಹಿತ್ತಿಲ ಕಡೆ ಸದ್ದಾಯಿತು. ಅತ್ತೆ ಸೆರಗಿನ ಮರೆಯಲ್ಲಿ ಆ ಬಟ್ಟಲು ಹಿಡಿದುಕೊಂಡು ತೆಂಗಿನ ಬುಡಕ್ಕೆ ಹೋದರು. ಅತ್ತ ಇತ್ತ ನೋಡಿ ಅನ್ನವನ್ನೆಲ್ಲ ಅಲ್ಲಿ ಸುರಿದು, ಮೇಲೆ ಎರಡು ಸೋಗೆ ಎಳೆದು ಮುಚ್ಚಿದರು. ಆಕಾಶ ಬೀಳಲಿಲ್ಲ. ಎರಡು ವರ್ಷ ಆಗಬಾರದಾಗಿದ್ದದ್ದು ಒಂದು ಮಧ್ಯಾಹ್ನ ನಾನು ಉಣ್ಣುವುದಿಲ್ಲ ಎಂದ ಕೂಡಲೇ ಆಯಿತು. ಅಷ್ಟು ಸುಲಭವಿತ್ತೇ ಅದು? ನನಗೆ ಅಳು ಬಂದದ್ದು ಆಗ, ಸಿಟ್ಟಿಗೆ.

ಮರುದಿನ ಬೆಳಿಗ್ಗೆ ಕಲಬಿಯ ಮುಚ್ಚಳ ತೆಗೆದು ಹಿತ್ತಾಳೆಯ ಪಾವು ಕೈಗೆ ತೆಗೆದುಕೊಂಡೆ. ಅತ್ತೆ ಉಣ್ಣುವ ಒಂದು ಪಾವು ಅಳೆದು ಪಾತ್ರೆಗೆ ಹಾಕಿದೆ, ಮುಚ್ಚಳ ಮುಚ್ಚಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಹಿಂದೆ ಇವರು, ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇತ್ತು.

“ಒಂದೇ ಪಾವಾ?” ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿದರು. “ಅಳತಿ ಇಳ್ಸ್ಯಾ, ಸುಗುಣ? ಯಾರ್ ಪಾಲ್ ಇಳ್ಸಿದೆ ನೀನ್? ಗಂಡನ್ ಪಾಲ್ ಇಳ್ಸಿದ್ಯಾ?”

“ಇಲ್ಲೆ ಅತ್ತೆ. ನನ್ ಪಾಲ್ ಇಳ್ಸಿದೆ.”

“ನಿನ್ ಪಾಲಾ?”

“ಹೌದ್. ನನ್ ಪಾವ್ ಯಾವ್ದ್ ಹೇಳಿ, ಅದೊಂದ್ ಬಿಟ್ಟ್ ಉಳ್ದದ್ ವಾಪಸ್ ಪಾತ್ರಿಗ್ ಹಾಕ್ತೆ.”

ಅತ್ತೆ ಹೆಬ್ಬೆರಳನ್ನು ಬೆರಳುಗಳ ಮೇಲೆ ಇಟ್ಟರು. “ಇದ್ ಅವ್ನಿಗೆ, ಇದ್ ನಂಗೆ, ಇದ್ ಸ್ವಾತಿಗೆ” ಎಂದು ಎಣಿಸಿದರು. ಕಡೆಯ ಬೆರಳಿಗೆ ಬಂದರು. ಅದು ದಾರಿ ಮೇಲೆ ಬಂದವರದ್ದು. ಹೆಬ್ಬೆರಳು ಅಲ್ಲೇ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದರು. ಇಷ್ಟು ವರ್ಷ ಅವರೇ ಅಳೆಯಲು ಕಲಿಸಿದ ಅಕ್ಕಿಯಲ್ಲಿ ನನ್ನ ಹೆಸರಿನ ಪಾವು ಒಂದೂ ಇರಲಿಲ್ಲ.

ಹಿಂದೆ ನಿಂತಿದ್ದ ಇವರು ಬಾಯಿಂದ ಬ್ರಷ್ಷು ತೆಗೆದರು.

“ದಾರಿ ಬಿಡಿ, ಬಾವಿಂದ ನೀರ್ ತಪ್ಪುಕಿತ್ತ್” ಎಂದೆ. ಇಬ್ಬರೂ ಸರಿದರು. ನೀರು ತಂದು ಅಕ್ಕಿ ಒಲೆಗೇರಿಸಿದೆ. ಆಮೇಲೆ ನವಣೆಯ ಡಬ್ಬಿ ತೆಗೆದು ಅದೇ ಹಿತ್ತಾಳೆಯ ಪಾವಿನಲ್ಲಿ ಅರ್ಧ ಇವರಿಗೆ, ಅರ್ಧ ನನಗೆ ಅಳೆದು ತೊಳೆಯಲು ಇಟ್ಟೆ.