ಹಿಮ್ಮಡಿಯ ಸಾಕ್ಷಿ

ದರ್ಜಿಯ ಬಲಗಾಲು ನಾಲ್ಕು ತಿಂಗಳಿಂದ ಅವಳ ಮಾತು ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮನೆ ಸಾಗಿಸಿದ ಕಾಲು, ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಕೈಕೊಟ್ಟಿತು. ಕಾಲೇ ಕೈಕೊಟ್ಟರೆ ಯಾರ ಹತ್ತಿರ ದೂರು ಹೇಳುವುದು?

ಮೂವರು ಡಾಕ್ಟರುಗಳು ನೋಡಿದರು, ಸ್ಕ್ಯಾನು ಮಾಡಿಸಿದರು, ಏನೂ ಇಲ್ಲ ಎಂದರು. ಏನೂ ಇಲ್ಲವಂತೆ! ಏನೂ ಇಲ್ಲದ ಕಾಲನ್ನು ಬಚ್ಚಲಿನವರೆಗೆ ಎಳೆದುಕೊಂಡು ಹೋಗುವವಳ ಪಾಡು ಅವರಿಗೇನು ಗೊತ್ತು? ಅಂದಿನಿಂದ ಅಕ್ಕನ ಮಾತು ಕಡಿಮೆಯಾಯಿತು, ಊಟದ ತಟ್ಟೆ ಕುಕ್ಕುವ ಸದ್ದು ಹೆಚ್ಚಾಯಿತು. ಇಬ್ಬರೇ ಇರುವ ಮನೆ. ಕಾಲು ಬಂದರೆ ಬರಲಿ, ಬಿಟ್ಟರೆ ಬಿಡಲಿ, ಅಕ್ಕ ತನ್ನನ್ನು ನಂಬಿದರೆ ಸಾಕು ಎಂದು ದರ್ಜಿ ಗೋಡೆ ನೋಡುತ್ತಾ ಹಂಬಲಿಸುತ್ತಿದ್ದಳು.

ನಾಲ್ಕನೆಯವರು ನರರೋಗದ ಡಾಕ್ಟರು, ನಡುವಯಸ್ಸಿನ ಹೆಂಗಸು. ದರ್ಜಿಯನ್ನು ಮಲಗಿಸಿ ಬಲ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟರು.

"ಇದನ್ನ ಕೆಳಕ್ಕೆ ಒತ್ತಿ ನೋಡೋಣ."

ದರ್ಜಿ ಹಲ್ಲು ಕಚ್ಚಿದಳು, ಬೆವರಿದಳು. ಜಪ್ಪಯ್ಯ ಅಂದರೂ ಕಾಲು ಕದಲಲಿಲ್ಲ.

"ಹೋಗ್ಲಿ ಬಿಡಿ. ಈಗ ಎಡಗಾಲು ಎತ್ತಿ, ನಾನು ಅದುಮಿ ಹಿಡೀತೀನಿ."

ಎಡಗಾಲು ಎತ್ತಲು ಹೆಣಗುತ್ತಿದ್ದಂತೆ ಬಲ ಹಿಮ್ಮಡಿ ತನ್ನಷ್ಟಕ್ಕೆ ತಾನೇ ಕೆಳಗಿನ ಅಂಗೈಯನ್ನು ಒತ್ತಿತು. ಡಾಕ್ಟರ ಮುಖ ಅರಳಿತು. ಅಕ್ಕನನ್ನು ಕರೆದು, ಅವಳ ಅಂಗೈಯನ್ನೇ ಹಿಮ್ಮಡಿಯ ಕೆಳಗೆ ಇಡಿಸಿ, ಮತ್ತೊಮ್ಮೆ ಮಾಡಿಸಿದರು.

"ಗೊತ್ತಾಯ್ತಾ? ಒಂದು ಕಾಲು ಎತ್ತೋವಾಗ ಇನ್ನೊಂದು ತಾನಾಗೇ ಒತ್ತುತ್ತೆ, ಅಂದ್ರೆ ನರಗಳು ಗಟ್ಟಿಯಾಗಿವೆ. ಬೇಕು ಅಂತ ಒತ್ತೋಕೆ ಹೋದ್ರೆ ಮಾತ್ರ ಮಿದುಳಿನ ಅಪ್ಪಣೆ ಕಾಲಿಗೆ ಮುಟ್ಟೋದಿಲ್ಲ. ಇದು ನಾಟಕ ಅಲ್ಲ, ನಿಜವಾದ ಕಾಯಿಲೆ. ಸರಿಯಾದ ವ್ಯಾಯಾಮ ಮಾಡಿದ್ರೆ ಸುಧಾರಿಸಬಹುದು."

ದರ್ಜಿಗೆ ಅಳು ಉಕ್ಕಿ ಬಂತು. ಅಂತೂ ಒಬ್ಬರಾದರೂ ಹೇಳಿದರಲ್ಲ! ಕಣ್ಣೊರೆಸಿಕೊಂಡು ಅಕ್ಕನ ಕಡೆ ತಿರುಗಿದಳು. ಅಕ್ಕ ತನ್ನ ಅಂಗೈಯನ್ನೇ ನೋಡುತ್ತಾ ನಿಂತಿದ್ದಳು. ಡಾಕ್ಟರು ಅಷ್ಟು ಬಿಡಿಸಿ ಹೇಳಿದ್ದರಲ್ಲಿ ಒಂದಕ್ಷರವೂ ಅವಳ ತಲೆಗೆ ಹೋಗಿರಲಿಲ್ಲ.

ಹೊರಗಿನ ಉದ್ದ ಪಡಸಾಲೆಗೆ ಬಂದ ಮೇಲೆ ಅಕ್ಕ ಹಿಡಿದಿದ್ದ ತೋಳನ್ನು ಬಿಟ್ಟಳು.

"ನಾಲ್ಕು ತಿಂಗಳು ಸ್ನಾನ ಮಾಡ್ಸಿದೀನಿ ಕಣೇ ನಿನಗೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅಕ್ಕ, ನಾನು ಒತ್ತಲಿಲ್ಲ. ಅದೇ ಒತ್ತಿದ್ದು. ಡಾಕ್ಟ್ರು ಹೇಳಿದ್ರಲ್ಲ..."

"ನನ್ನ ಕೈಗೇ ತಾಗಿತಲ್ಲ."

ಅಕ್ಕ ಸರಸರನೆ ನಡೆದು ಆ ತುದಿಯ ಬಾಗಿಲು ಮುಟ್ಟಿ ತಿರುಗಿ ನಿಂತಳು. ದರ್ಜಿ ಈ ತುದಿಯಲ್ಲಿ ಗೋಡೆಗೆ ಎರಡೂ ಕೈ ಆನಿಸಿಕೊಂಡಿದ್ದಳು.

"ಬಾ," ಎಂದಳು ಅಕ್ಕ. "ನಡ್ಕೊಂಡು ಬಾ."