ಸತ್ತ ಸ್ಕಾಟನಿಗೆ ನಮಸ್ಕಾರ

ಉಮಾಕಾಂತನ ಬೂಟು ಸತ್ತ ಸ್ಕಾಟನ ತೋಳಿಗೆ ತಗುಲಿತು. ಕೈಯಲ್ಲಿ ಮರದ ಈಟಿ, ತಲೆಗೆ ತಗಡಿನ ಟೋಪಿ, ಹಿಂದೆ ಕೂಗಾಡುವ ತನ್ನದೇ ಕಡೆಯ ಹತ್ತು ಜನ ಇಂಗ್ಲಿಷ್ ಸೈನಿಕರು. ಹುಟ್ಟುಗುಣ ಸುಟ್ಟರೂ ಹೋಗಬೇಕಲ್ಲ! ಥಟ್ಟನೆ ಬಗ್ಗಿ, ಆ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡ.

ಹಗ್ಗದಾಚೆ ನಿಂತವರು ಗೊಳ್ಳೆಂದು ನಕ್ಕರು. ಹೆಂಡತಿ ಕೋಕಿಲಾ ಹಣೆ ಚಚ್ಚಿಕೊಂಡಳು. "ರೀ, ಯುದ್ಧ ಮಾಡ್ರೀ! ದೇವಸ್ಥಾನಕ್ಕೆ ಬಂದಿದೀರಾ?"

ಸ್ವೀಡನ್ನಿನ ಸ್ಯಾಂಡ್‌ವಿಕೆನ್ನಿನಲ್ಲಿ ಉಕ್ಕಿನ ಕಾರ್ಖಾನೆಯ ಕೆಲವರಿಗೆ ಇದೊಂದು ಹುಚ್ಚು. ಪ್ರತಿ ಜುಲೈಯಲ್ಲಿ ಯಾವುದಾದರೂ ಹಳೆಯ ಕಾಳಗ ಆಡಿ ತೋರಿಸಬೇಕು. 2006ರಲ್ಲಿ ಆರಿಸಿದ್ದು ಇಂಗ್ಲೆಂಡಿನ ಹೆನ್ರಿ ದೊರೆಯ ಕಾಲದ್ದು: ಇಂಗ್ಲಿಷರು ಗಡಿ ದಾಟಿ ಸ್ಕಾಟ್ಲೆಂಡಿನ ಹಳ್ಳಿ ಸುಟ್ಟು, ದನ ಹೊಡೆದುಕೊಂಡು ಹೊರಡುತ್ತಾರೆ, ಸ್ಕಾಟರು ಅಡ್ಡಗಟ್ಟಿ ಬಡಿಯುತ್ತಾರೆ. ಸ್ಕಾಟರ ನಾಯಕ ಯೋರಾನ್, ಉಮಾಕಾಂತನ ಫೋರ್‌ಮನ್, ಅರವತ್ತರ ಮನುಷ್ಯ. ಬೆಳಿಗ್ಗೆ ಎಲ್ಲರೆದುರೇ ಇನ್ಸುಲಿನ್ ಚುಚ್ಚಿಕೊಂಡವನು, ಡೋಲು ಕೇಳಿದ್ದೇ ತಡ, ಕಾಫಿ ಜೊತೆಯ ಬನ್ನನ್ನು ತಿನ್ನದೆ ಎದ್ದು ಓಡಿದ್ದ. ಈಗ ಬಿದ್ದಿದ್ದವನು ಅವನೇ. ಆಟದ ಪ್ರಕಾರ ಅವನು ಸಾಯುವಂತೆಯೇ ಇರಲಿಲ್ಲ. ಹುರುಪಿನಲ್ಲಿ ಬಿದ್ದನೆಂದು ಜನ ಚಪ್ಪಾಳೆ ತಟ್ಟಿದ್ದರು.

ಕಣ್ಣಿಗೊತ್ತಿಕೊಂಡ ಬೆರಳು ಒದ್ದೆಯಾಗಿತ್ತು. ತಣ್ಣನೆಯ ಬೆವರು. ಯೋರಾನ್ ಅರೆಗಣ್ಣಿನಲ್ಲಿ ಏನೋ ತೊದಲುತ್ತಿದ್ದ. ಊರಲ್ಲಿ ಅಮ್ಮ ಎರಡು ಸಲ ಹೀಗೇ ಬಿದ್ದದ್ದನ್ನು ಉಮಾಕಾಂತ ಕಂಡಿದ್ದ. ಈಟಿ ಎಸೆದು, ಎರಡೂ ಕೈ ಎತ್ತಿ "ನಿಲ್ಲಿಸಿ!" ಎಂದು ಸ್ವೀಡಿಷಿನಲ್ಲಿ ಅರಚಿದ. ಇಂಗ್ಲಿಷರ ಕಡೆಯವನೊಬ್ಬ ಶರಣಾದನೆಂದು ಸ್ಕಾಟರು ಕೇಕೆ ಹಾಕಿದರು.

"ಕೋಕಿಲಾ! ಪಾನಕದ ಫ್ಲಾಸ್ಕ್ ತಗೊಂಬಾ, ಬೇಗ! ಇವರಿಗೆ ಶುಗರ್ ಡೌನ್ ಆಗಿದೆ!"

ದುಪಟ್ಟಾ ಸೊಂಟಕ್ಕೆ ಬಿಗಿದು, ಹಗ್ಗ ದಾಟಿ, ಈಟಿಗಳ ನಡುವೆ ನುಗ್ಗಿ ಬಂದ ಕೋಕಿಲಾಳನ್ನು ಕಂಡ ಮೇಲೆಯೇ ಯುದ್ಧ ನಿಂತದ್ದು. ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಬೆಲ್ಲದ ಪಾನಕ ಕುಡಿಸಿದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಹತ್ತು ನಿಮಿಷ ಕಳೆಯಿತು. ಆಮೇಲೆ ಯೋರಾನ್ ಸರಿಯಾಗಿ ಕಣ್ಣು ಬಿಟ್ಟ.

"ನಾವು ಗೆದ್ದೆವಾ?"

"ಗೆದ್ರಿ ಪುಣ್ಯಾತ್ಮ, ಗೆದ್ರಿ!" ಅಂದಳು ಕೋಕಿಲಾ, ಕನ್ನಡದಲ್ಲೇ. ಉಮಾಕಾಂತನಿಗೆ ಹೋದ ಜೀವ ಬಂದಂತಾಯಿತು. ಹುಲ್ಲಿನ ಮೇಲೆ ಕುಕ್ಕರಿಸಿ, ಅಳುತ್ತಲೇ ನಕ್ಕ.

ಆಂಬುಲೆನ್ಸಿನವರು ಬಂದು ನೋಡಿ, ಭಯವಿಲ್ಲ ಎಂದು ಹೇಳಿ ಹೋದರು. ಯೋರಾನ್ ಬೆಳಗಿನ ಬನ್ನು ಮುರಿದು ತಿನ್ನುತ್ತ ಕೇಳಿದ:

"ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ನೀನು ಯಾಕೆ ಬಗ್ಗಿದೆ?"

"ಕಾಲು ತಗುಲಿತಲ್ಲ, ಅದಕ್ಕೆ."

ಯೋರಾನ್ ತಲೆಯಾಡಿಸಿದ. ಏನು ಅರ್ಥವಾಯಿತೋ. ಮನೆಗೆ ಹೊರಡಲು ಎದ್ದಾಗ ಅವನ ಬೂಟು ಉಮಾಕಾಂತನ ಮೊಣಕಾಲಿಗೆ ತಾಗಿತು. ಎರಡು ಹೆಜ್ಜೆ ಹೋದವನು ತಿರುಗಿ ಬಂದ. ಸೊಂಟ ಹಿಡಿದುಕೊಂಡು ಬಗ್ಗಿ, ಆ ಮೊಣಕಾಲು ಮುಟ್ಟಿ, ಬನ್ನಿನ ಸಕ್ಕರೆ ಅಂಟಿದ್ದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ.