ಹಿಂದೆ ನಿಂತವಳ ಅಂಕಿತ

ಏಳು ಸಮುದ್ರ, ಹದಿಮೂರು ನದಿಗಳ ಆಚೆ ಒಬ್ಬ ರಾಜಕುಮಾರಿ ಇದ್ದಳು. ಅವಳಿಗೊಂದು ಶಾಪವಿತ್ತು. ಬೇರೆಯವರು ಆಡಿದ ಮಾತನ್ನು ತಿರುಗಿ ಆಡಬಲ್ಲಳೇ ಹೊರತು ತನ್ನದೊಂದು ಮಾತು ಆಡಲಾರಳು. ಶಾಪ ಕೊಟ್ಟ ಋಷಿ ಯಾರೆಂದು ಕೇಳಬೇಡಿ, ಋಷಿ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ರಾಜಕುಮಾರಿಯೂ ಇರಲಿಲ್ಲ. ಇದ್ದದ್ದು ನಾನು, ನದಿಯಾ ಜಿಲ್ಲೆಯ ಕುಮಡೋಖಾಲಿಯ ಜೋನಾಕಿ ಬೈರಾಗಿ. ಸಮುದ್ರಗಳ ಲೆಕ್ಕಕ್ಕೆ ನಮ್ಮ ಮನೆಗೂ ರೈಲ್ವೆ ಸ್ಟೇಷನ್ನಿಗೂ ನಡುವೆ ಮೂರು ಮೀನುಹೊಂಡಗಳಿವೆ.

ಹೀಗೆ ಶುರುಮಾಡದಿದ್ದರೆ ನನಗೆ ಯಾವ ಸಂಗತಿಯನ್ನೂ ಹೇಳಲು ಬರುವುದಿಲ್ಲ. ತಪ್ಪು ನನ್ನ ಠಾಕುಮಾಳದು. ಅಪ್ಪನ ತಾಯಿ ಕ್ಷಾಂತಮಣಿ ನನಗೆ ಅನ್ನಕ್ಕಿಂತ ಹೆಚ್ಚು ಕಥೆ ತಿನ್ನಿಸಿ ಬೆಳೆಸಿದಳು. ಅದರ ಫಲವಾಗಿ ಇಪ್ಪತ್ತಾರು ತುಂಬಿದರೂ ರೈಲಿನ ಕಿಟಕಿ ಪಕ್ಕ ಕೂತರೆ ಇಳಿಯುವ ಊರು ದಾಟಿಹೋಗುತ್ತದೆ. ಮೋಡದಲ್ಲಿ ಕಥೆಯ ರೆಕ್ಕೆಕುದುರೆ ಪಕ್ಷಿರಾಜ ಕಾಣುತ್ತಿರುವಾಗ ಊರಿನ ಫಲಕ ಯಾರಿಗೆ ಕಾಣುತ್ತದೆ?

ನನ್ನ ಕೆಲಸ ಕವಿಗಾನದ ಮೇಳದಲ್ಲಿ. ಇಬ್ಬರು ಕವಿಗಳು ಎದುರುಬದುರಾಗಿ ನಿಂತು, ಸ್ಥಳದಲ್ಲೇ ಪದ ಕಟ್ಟಿ, ಒಬ್ಬರನ್ನೊಬ್ಬರು ಸೋಲಿಸುವ ಹಾಡು ಅದು. ನಾನು ಕವಿಯಲ್ಲ. ಕವಿಯ ಹಿಂದೆ ಸಾಲಾಗಿ ನಿಂತು ಪಲ್ಲವಿ ತಿರುಗಿ ಹೇಳುವ ದೋಹಾರರಲ್ಲಿ ಒಬ್ಬಳು. ಕೈಯಲ್ಲೊಂದು ದೋತಾರ, ಮುಂದೆ ಕವಿಯ ಬೆನ್ನು. ಏಳು ವರ್ಷ ನಾನು ಕಂಡ ಲೋಕವೆಂದರೆ ಅಕ್ರೂರ ಸರ್ಕಾರರ ಬೆನ್ನು. ಅವರ ಜುಬ್ಬಾದ ಬೆನ್ನಮೇಲೆ ಬೆವರು ಯಾವ ಆಕಾರದಲ್ಲಿ ಹರಡುತ್ತದೆಂದು ಕೇಳಿ, ಬರೆದು ತೋರಿಸುತ್ತೇನೆ.

ದೋಹಾರರು ಪಲ್ಲವಿಯನ್ನು ಸುಮ್ಮನೆ ಹೇಳುವುದಲ್ಲ. ಅದು ಕವಿಗೆ ಯೋಚಿಸಲು ಕೊಡುವ ಬಿಡುವು. ಎರಡು ಸಲ ಹೇಳಿದರೆ ಕವಿ ಮುಂದಿನ ಸಾಲು ಹೊಸೆಯುತ್ತಿದ್ದಾರೆ ಎಂದರ್ಥ. ಮೂರು ಸಲವಾದರೆ ಪ್ರಾಸ ಸಿಕ್ಕಿಲ್ಲ. ನಾಲ್ಕನೆಯ ಸಲಕ್ಕೆ ಏನೂ ಸಿಕ್ಕಿಲ್ಲ. ಆಗ ನಾನು ದೋತಾರದ ತಂತಿ ಬಿಗಿಯುವ ನೆಪದಲ್ಲಿ ಮುಂದೆ ಹೋಗಿ, ಜೇಠು ಅವರ ಕಿವಿಯಲ್ಲಿ ಒಂದು ಸಾಲು ಉಸುರಿ ಬರುತ್ತಿದ್ದೆ. ಅಕ್ರೂರ ಸರ್ಕಾರರನ್ನು ನಾನು ಕರೆಯುವುದು ಹಾಗೆ, ಜೇಠು ಎಂದು. ಅಪ್ಪನಿಗಿಂತ ಹಿರಿಯರು, ನನಗೆ ಛಂದಸ್ಸು ಕಲಿಸಿದವರು.

ಮೊದಲ ವರ್ಷ ಉಸುರಿದ್ದು ಒಂದು ಸಾಲು. ಎರಡನೆಯ ವರ್ಷ ಒಂದು ಪದ್ಯ. ಆಮೇಲಾಮೇಲೆ ಇಡೀ ಹಾಡನ್ನೇ ಮನೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ. ಕೊನೆಯ ಪದ್ಯದಲ್ಲಿ ಕವಿಯ ಅಂಕಿತ ಬರಲೇಬೇಕಲ್ಲ, ಅಲ್ಲಿ ‘ಅಕ್ರೂರ ಹೇಳುತ್ತಾನೆ’ ಎಂದು ನಾನೇ ಹಾಕುತ್ತಿದ್ದೆ. ಜನ ಹೊಗಳುತ್ತಿದ್ದರು: “ಸರ್ಕಾರ್ ಮಶಾಯ್, ಹೆಂಗಸರ ಮನಸ್ಸು ನಿಮಗೆ ಗೊತ್ತಾದಷ್ಟು ಹೆಂಗಸರಿಗೇ ಗೊತ್ತಿಲ್ಲ ಬಿಡಿ!” ನಾನು ಹಿಂದೆ ನಿಂತು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಕದ್ದ ಮಾಲಿನ ಬಗ್ಗೆ ಹೆಮ್ಮೆಪಡುವ ಕಳ್ಳರನ್ನು ನೋಡಿದ್ದೇನೆ. ಕಳೆದುಕೊಂಡ ಮಾಲಿನ ಬಗ್ಗೆ ಹೆಮ್ಮೆಪಟ್ಟವಳು ನಾನೊಬ್ಬಳೇ ಇರಬೇಕು.

ಜೇಠು ಅವರನ್ನು ಬೈಯಬೇಡಿ. ಅವರೇ ಎಷ್ಟೋ ಸಲ ಹೇಳಿದ್ದರು: “ನಿನ್ನ ಹೆಸರು ಹಾಕ್ಕೊಂಡು ನೀನೇ ಹಾಡೇ ಹುಡುಗಿ. ಹೊಗಳಿಸ್ಕೊಂಡು ಹೊಗಳಿಸ್ಕೊಂಡು ನಂಗೆ ಅಜೀರ್ಣ ಆಗಿದೆ.”

“ಮುಂದಿನ ಕೂಟದಲ್ಲಿ, ಜೇಠು.”

“ಮುಂದಿನ ಕೂಟ, ಮುಂದಿನ ಕೂಟ! ನೀನೇನು ಅಮವಾಸ್ಯೆ ಲೆಕ್ಕ ಹಾಕ್ತಿದೀಯಾ?”

ಹೆದರಿಕೆ ನನ್ನದೇ. ಆದರೆ ಮಾತು ಕೊಟ್ಟವಳೂ ನಾನೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೇಳ ಸೇರುತ್ತೇನೆಂದಾಗ ಅಪ್ಪನ ತಮ್ಮ, ನಮ್ಮ ಕಾಕಾ, ಬಾಗಿಲಿಗೆ ಅಡ್ಡ ನಿಂತಿದ್ದರು. ಠಾಕುಮಾ ಅವರನ್ನು ಮೀನು ಹೆಚ್ಚುವ ಈಳಿಗೆ ತೋರಿಸಿ ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

“ಆಣೆ ಮಾಡು. ಒಂದೇ ಒಂದು ಪದ. ನೀನೇ ಕಟ್ಟಿದ್ದು. ಎಲ್ರ ಮುಂದೆ ನಿಂತು ನಿನ್ನ ಬಾಯಲ್ಲೇ ಹಾಡ್ಬೇಕು. ಕೊನೇಲಿ ನಿನ್ನ ಹೆಸರು ಬರ್ಬೇಕು. ನನ್ನ ಕಿವಿಗೆ ಬೀಳ್ಬೇಕು.”

“ಅಷ್ಟೇನಾ? ಈ ಚಳಿಗಾಲ ಮುಗಿಯೋದ್ರೊಳಗೆ ಹಾಡ್ತೀನಿ ಠಾಕುಮಾ.”

ಏಳು ಚಳಿಗಾಲ ಮುಗಿದವು. ಹೋದ ವರ್ಷ ಠಾಕುಮಾಳ ಎಡಗಿವಿ ಪೂರ್ತಿ ನಿಂತುಹೋಯಿತು. ಈ ದುರ್ಗಾಪೂಜೆಯ ಹೊತ್ತಿಗೆ ಬಲಗಿವಿಯಲ್ಲೂ ಗುಂಯ್‌ಗುಡುವ ಸದ್ದು ಶುರುವಾಯಿತು. ಕೃಷ್ಣನಗರದ ಡಾಕ್ಟರು ಅದರೊಳಗೆ ಬೆಳಕು ಬಿಟ್ಟು ನೋಡಿ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ, ಇನ್ನು ಕೆಲವು ತಿಂಗಳು ಕೇಳಿಸಿದರೆ ಹೆಚ್ಚು ಎಂದರು. ಠಾಕುಮಾ ನನ್ನ ಕಡೆ ತಿರುಗಿ, “ಏನಂದ್ರು?” ಎಂದಳು. ನಾನು ಹೇಳಿದೆ. “ಹಾಗಾದ್ರೆ ನಿಂಗೇ ಹೇಳಿದ್ದು ಅವ್ರು,” ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಹೀಗೆ ನನ್ನ ಪ್ರಯತ್ನಗಳು ಶುರುವಾದವು. ಪ್ರಯತ್ನ ಎನ್ನುವುದು ದೊಡ್ಡ ಮಾತು. ಮಾನ ಹೋದದ್ದರ ಪಟ್ಟಿ ಎಂದರೆ ಸರಿ.

ಮೊದಲನೆಯದು ಪಕ್ಕದೂರಿನಲ್ಲಿ. ಜೇಠು ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ಬಿಟ್ಟರು. ನಾನು ಒಂದು ಸಾಲು ಹಾಡಿದೆ. ದೋಹಾರರು ತಿರುಗಿ ಹೇಳಿದರು. ಏಳು ವರ್ಷದ ಅಭ್ಯಾಸ ನೋಡಿ, ಅವರ ಜೊತೆ ನಾನೂ ತಿರುಗಿ ಹೇಳಿದೆ. ಹೇಳಿ ಸುಮ್ಮನೆ ನಿಂತೆ. ಮುಂದಿನ ಸಾಲನ್ನು ಯಾರೋ ಹಾಡುತ್ತಾರೆಂದು ಕಾಯುತ್ತಿದ್ದೆ. ಢೋಲು ಬಾರಿಸುವ ಪೆಲಾರಾಮ್ ಕಾಕಾ ಹಲ್ಲುಕಚ್ಚಿ, “ನೀನೇ ಕಣಮ್ಮಾ, ನೀನೇ!” ಎಂದ ಮೇಲೆ ಎಚ್ಚರವಾಯಿತು. ಬೆವರುತ್ತ ಹೇಗೋ ಕೊನೆಯ ಪದ್ಯಕ್ಕೆ ಬಂದೆ. ಅಂಕಿತದ ಜಾಗ ಬಂತು. ಬಾಯಿ ತಾನಾಗಿ ತೆರೆದು ಘಂಟಾನಾದದಂತೆ ಹಾಡಿತು: ‘ಅಕ್ರೂರ ಹೇಳುತ್ತಾನೆ.’

ಚಪ್ಪಾಳೆಯೋ ಚಪ್ಪಾಳೆ. ಯಾರೋ ಓಡಿಬಂದು ಜೇಠು ಅವರಿಗೆ ಹಾರ ಹಾಕಿದರು. ಮನೆಗೆ ಬರುವಾಗ ಬ್ಯಾಟರಿಯ ಟೋಟೋ ರಿಕ್ಷಾದಲ್ಲಿ ಠಾಕುಮಾ ಕೇಳಿದಳು: “ಅಕ್ರೂರ ಅಂತ ಕೇಳಿಸ್ತು. ನಂಗೆ ಕಿವಿ ಹೋಗಿದ್ಯೋ, ನಿಂಗೆ ತಲೆ ಹೋಗಿದ್ಯೋ?”

“ನಂಗೇ, ಠಾಕುಮಾ.”

“ಸದ್ಯ. ನಾನು ಹೆದರಿದ್ದೆ.”

ಎರಡನೆಯ ಸಲ ಬುದ್ಧಿವಂತಿಕೆ ತೋರಿಸಿದೆ. ಹೆಸರು ಹೇಳಲು ನಾಚಿಕೆಯಾಗಿ, ಹಳೆಯ ಭಕ್ತರ ವಿನಯವನ್ನು ಎರವಲು ತಂದು ‘ಅಭಾಗಿನಿ ಹೇಳುತ್ತಾಳೆ’ ಎಂದು ಅಂಕಿತ ಹಾಕಿದೆ. ನನ್ನ ಕಣ್ಣಲ್ಲೇ ನೀರು ಬಂತು. ಠಾಕುಮಾ ಜನರ ನಡುವಿನಿಂದ ಗಟ್ಟಿಯಾಗಿ ಕೇಳಿದಳು: “ಯಾವ ಅಭಾಗಿನಿ? ನಮ್ಮ ಓಣೀಲೇ ಹನ್ನೊಂದು ಜನ ಇದಾರಲ್ಲೇ!” ಕೂಟವೆಲ್ಲ ನಕ್ಕಿತು. ಹನ್ನೊಂದರಲ್ಲಿ ಇಬ್ಬರು ಅಲ್ಲೇ ಕೂತಿದ್ದರು. ಅವರು ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ.

ಪೌಷ ಮಾಸದ ಒಂದು ಮಧ್ಯಾಹ್ನ ನಮ್ಮ ಊರಿನಲ್ಲೇ ಕೂಟ ಏರ್ಪಾಡಾಯಿತು, ಶಾಲೆಯ ಬಯಲಿನಲ್ಲಿ. ಎದುರಾಳಿ ರಸಮಯ ಸರ್ಕಾರ್, ನಾಲಿಗೆಯಲ್ಲಿ ಬ್ಲೇಡು ಇಟ್ಟುಕೊಂಡು ಹುಟ್ಟಿದವರು. ಜೇಠು ಅವರಿಗೆ ನೆಂಟರಲ್ಲ, ಕವಿಗಾನದ ಕವಿಗಳಿಗೆಲ್ಲ ಸರ್ಕಾರ್ ಎಂದೇ ಬಿರುದು. ವಾದದ ವಿಷಯ ಹೊಳೆ ದೊಡ್ಡದೋ ದಡ ದೊಡ್ಡದೋ ಎಂದು. ರಸಮಯ ಹೊಳೆಯ ಪಕ್ಷ, ನಮ್ಮ ಜೇಠು ದಡದ ಪಕ್ಷ. ಠಾಕುಮಾ ಮುಂದಿನ ಸಾಲಿನಲ್ಲಿ, ಶಾಲು ಸುತ್ತಿಕೊಂಡು, ಮಡಿಲಲ್ಲಿ ಮಂಡಕ್ಕಿ ಹಾಕಿಕೊಂಡು ಕೂತಿದ್ದಳು. ಬಲಗಿವಿ ನಮ್ಮ ಕಡೆಗಿತ್ತು. ಆ ವಾರ ಅದರಲ್ಲಿ ನಾಯಿ ಬೊಗಳುವುದೂ ಕೇಳುತ್ತಿರಲಿಲ್ಲ. ನಾನು ಅವಳ ಪಕ್ಕ ಬಾಗಿ ಕಿರುಚಿದರೆ ಅರ್ಧ ಕೇಳುತ್ತಿತ್ತು. ಇವತ್ತಲ್ಲದಿದ್ದರೆ ಇನ್ನಿಲ್ಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಜೇಠು ಅವರಿಗೂ ಹೇಳಿದ್ದೆ. ಅವರು ತಲೆಯಾಡಿಸಿದ್ದರು. ಹಾಗೆ ತಲೆಯಾಡಿಸಿದ್ದು ಅದು ಹದಿನಾಲ್ಕನೆಯ ಸಲ.

ವಾದ ಬಿಸಿಯೇರಿತು. ರಸಮಯ ಶಾಲು ಕೊಡವಿ ಮುಂದೆ ಬಂದು ಹಾಡಿದರು:

‘ಇಚ್ಛಾಮತಿ ಅಂದರೆ ನೀರು, ಚೂರ್ಣಿ ಅಂದರೂ ನೀರು,
ಲೋಕ ಕೂಗಿ ಕರೆಯುವುದೆಲ್ಲ ಹೊಳೆಯ ಹೆಸರನೇ;
ದಡವೇ, ಮಣ್ಣ ಗುಡ್ಡೆಯೇ, ನಿನ್ನ ಹೆಸರು ಯಾವುದೇ?
ಹೆಸರಿಡದೆ ಹೆತ್ತವಳು ನಿನ್ನ ಬಿಟ್ಟುಹೋದಳೇ?’

ಜನ ಹೋ ಎಂದರು. ಆ ಮನುಷ್ಯನಿಗೆ ನಾನು ಯಾರೆಂದೇ ಗೊತ್ತಿಲ್ಲ, ಆದರೂ ನೇರ ನನ್ನ ಎದೆಗೇ ಹೊಡೆದಿದ್ದ. ನಾವು ಪಲ್ಲವಿ ಎತ್ತಿಕೊಂಡೆವು: ‘ದಡವಿಲ್ಲದ ಹೊಳೆಗೆ ದಾರಿ ಯಾವುದಣ್ಣ, ದಾರಿ ಯಾವುದೋ.’ ಒಂದು ಸಲ. ಎರಡು ಸಲ. ಜೇಠು ಗಂಟಲು ಸರಿಮಾಡಿಕೊಂಡರು. ಮೂರು ಸಲ. ಅವರು ಮೇಲೆ ನೋಡಿದರು. ನಾಲ್ಕು.

ನನಗೆ ಉತ್ತರ ಹೊಳೆದಿತ್ತು. ದೋತಾರದ ತಂತಿ ಬಿಗಿಯುತ್ತ ಮುಂದೆ ಹೋಗಿ ಅವರ ಕಿವಿಯ ಹತ್ತಿರ ಬಾಯಿ ಒಯ್ದೆ. ಜೇಠು ಕಿವಿಯ ಮೇಲೆ ಅಂಗೈ ಮುಚ್ಚಿಕೊಂಡರು.

“ಜೇಠು, ಸಾಲು ಸಿಕ್ಕಿದೆ!”

“ಕೇಳಿಸ್ತಿಲ್ಲ.”

“ಕೈ ತೆಗೀರಿ!”

“ಏನೋ ಆಗಿದೆ ಕಣೇ, ಬೆಳಿಗ್ಗೆಯಿಂದ ಎರಡೂ ಕಿವಿ ಕೇಳ್ತಿಲ್ಲ. ಇವ್ರಿಗೆಲ್ಲ ಹೇಳು, ನಾನೂ ಆಮೇಲೆ ಕೇಳ್ಕೋತೀನಿ.” ಹೀಗೆಂದವರೇ ನೆಟ್ಟಗೆ ಹಿಂದೆ ಹೋಗಿ ದೋಹಾರರ ಸಾಲಿನಲ್ಲಿ, ನನ್ನ ಜಾಗದಲ್ಲಿ, ನಿಂತುಬಿಟ್ಟರು.

ಮುಂದೆ ನೋಡಿದರೆ ಬೆನ್ನಿಲ್ಲ. ಬರೀ ಮುಖಗಳು. ಇಷ್ಟು ಮುಖಗಳಿರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ. ರಾಜಕುಮಾರಿಯರಿಗೆ ಇಂಥ ಹೊತ್ತಿನಲ್ಲಿ ನೆಲ ಬಾಯಿಬಿಡುತ್ತದೆ. ನಮ್ಮ ಶಾಲೆಯ ಬಯಲು ಗಟ್ಟಿ ನೆಲ.

ಹಾಡಿದೆ:

‘ಹೊಳೆಗೆ ಒಂದೇ ಹೆಸರು, ಅದೂ ಕಡಲು ಸೇರಿ ಕರಗೀತು,
ದಡಕೆ ಹೆಜ್ಜೆಗೊಂದು ಹೆಸರು, ಎಣಿಸಿಕೋ ಸರ್ಕಾರ;
ಬಟ್ಟೆ ಒಗೆದರೆ ಅಗಸರ ಘಾಟ್, ಬಲೆಯ ಬಿಟ್ಟರೆ ಬೆಸ್ತರ ಘಾಟ್,
ಗಂಟು ಹೊತ್ತು ಬಂದಿಳಿದವಳು ಕಾಲೂರಿದ್ದೇ ಅವಳ ಘಾಟ್.’

ಘಾಟ್ ಎಂದರೆ ನಮ್ಮ ಕಡೆ ದಡದಿಂದ ಹೊಳೆಗೆ ಇಳಿಯುವ ಕಟ್ಟೆ. ಈ ಸಲ ನಾನು ಸುಮ್ಮನಿದ್ದೆ, ಹಿಂದಿನವರು ಪಲ್ಲವಿ ಹೇಳಿದರು. ಜೇಠು ಅವರ ಒಡಕು ಗಂಟಲು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಅವರು ದೋಹಾರರಾಗಿ ಬಹಳ ಕೆಟ್ಟದಾಗಿ ಹಾಡುತ್ತಾರೆ ಎಂದು ಆವತ್ತೇ ಗೊತ್ತಾಯಿತು. ಮನೆಮಾರು ಬಿಟ್ಟು ಗಂಟು ಹೊತ್ತು ದೇಶದ ಗಡಿ ದಾಟಿ ಬಂದ ಮುದುಕಿಯರು ಮುಂದಿನ ಸಾಲಿನಲ್ಲಿ ಐದಾರು ಮಂದಿ ಇದ್ದರು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಠಾಕುಮಾ ಒರೆಸಿಕೊಳ್ಳಲಿಲ್ಲ. ಕಿವಿಗೆ ಕೈ ಒಡ್ಡಿ, ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡುವವಳ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು.

ಕೊನೆಯ ಪದ್ಯ. ಅಂಕಿತದ ಜಾಗ. ಬಾಯಿ ತೆರೆದೆ. ‘ಅ’ ಎಂದು ಬಂತು. ಗಪ್ಪನೆ ಮುಚ್ಚಿಕೊಂಡೆ.

ಪೆಲಾರಾಮ್ ಕಾಕಾ ತಾಳ ಬಿಡಲಿಲ್ಲ. ಹಿಂದಿನವರು ಪಲ್ಲವಿ ಎತ್ತಿಕೊಂಡರು. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ತಂತಿ ಬಿಗಿಯುವ ನೆಪದಲ್ಲಿ ಯಾರಾದರೂ ಬರುತ್ತಾರೇನೋ ಎಂದು ನಾನು ನಾಚಿಕೆಯಿಲ್ಲದೆ ತಿರುಗಿ ನೋಡಿದೆ. ಜೇಠು ಹಾಡುತ್ತ ಹುಬ್ಬು ಹಾರಿಸಿದರು, ಅಷ್ಟೇ. ಐದು. ರಸಮಯ ಸರ್ಕಾರ್ ಆಗಲೇ ಶಾಲು ಕೊಡವಿಕೊಳ್ಳುತ್ತಿದ್ದರು. ಠಾಕುಮಾಳ ಕೈ ಕಿವಿಯಿಂದ ಮೆಲ್ಲಗೆ ಕೆಳಗಿಳಿಯತೊಡಗಿತು. ಮುಗಿಯಿತೆಂದುಕೊಂಡಳೋ, ಕೈ ಸೋತಿತೋ.

ನಾನು ಎರಡು ಹೆಜ್ಜೆ ಮುಂದಿಟ್ಟು, ಅವಳ ಬಲಗಿವಿಗೆ ಗುರಿಯಿಟ್ಟು, ರಾಗ ಶ್ರುತಿ ಎರಡನ್ನೂ ಗಾಳಿಗೆ ತೂರಿ ಕೂಗಿದೆ:

‘ಹಿಂದೆ ನಿಂತು ಹಾಡಿದವಳು ಜೋನಾಕಿ ಹೇಳುತ್ತಾಳೆ,
ಕುಮಡೋಖಾಲಿಯ ದಡದ ಮೇಲೆ ನನ್ನದೂ ಒಂದು ಘಾಟ್.’

ಶ್ರುತಿ ಎಷ್ಟು ತಪ್ಪಿತ್ತೆಂದರೆ ಶಾಲೆಯ ಮಾಡಿನ ಪಾರಿವಾಳಗಳು ಎದ್ದು ಹೋದವು. ಎಷ್ಟೋ ವರ್ಷ ಮಧುರವಾಗಿ ಬೇರೆಯವರ ಹೆಸರು ಹಾಡಿದ ಗಂಟಲು ಅದು. ಠಾಕುಮಾ ಮಡಿಲಲ್ಲಿದ್ದ ಮಂಡಕ್ಕಿಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ನಿಂತಳು.

“ಯಾರು ಹೇಳಿದ್ದು?”

“ಜೋನಾಕಿ!”

“ಪದದಲ್ಲಿ ಹೇಳು.”

ಮತ್ತೆ ಹಾಡಿದೆ. ಈ ಸಲ ಶ್ರುತಿ ಸ್ವಲ್ಪ ಹತ್ತಿರ ಬಂತು. ಹಿಂದಿನಿಂದ ಐದು ಗಂಟಲು ಸೇರಿ, ಜೇಠು ಅವರ ಒಡಕು ಗಂಟಲು ಮುಂದಾಗಿ, ನನ್ನ ಹೆಸರನ್ನು ತಿರುಗಿ ಹೇಳಿದವು: ‘ಜೋನಾಕಿ ಹೇಳುತ್ತಾಳೆ, ಜೋನಾಕಿ ಹೇಳುತ್ತಾಳೆ.’

ಠಾಕುಮಾ ಪಕ್ಕದ ಮುದುಕಿಯ ತೋಳು ಹಿಡಿದು ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು.

“ಹೂಂ, ಕೇಳಿಸ್ತು. ಇನ್ನು ಪಕ್ಕಕ್ಕೆ ಬಾ, ಆ ಮನುಷ್ಯ ಏನು ಉತ್ತರ ಕೊಡ್ತಾನೋ ನೋಡೋಣ.”